ಬೀಗ ಹಾಕುವ ದಿನದ ಲೆಕ್ಕ

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗೆ ಬೀಗ ಬಿತ್ತು. ಈ ತಾರೀಖನ್ನು ನಮ್ಮ ಜಿಲ್ಲೆಯ ಪ್ರತಿ ಶಾಲೆಯಲ್ಲೂ ಮಕ್ಕಳಿಗೆ ಹೇಳಿಕೊಡಬೇಕು ಅಂತ ನನಗೆ ಎಷ್ಟೋ ಸಲ ಅನಿಸಿದೆ. ಗಣಿ ಶುರುವಾದ ವರ್ಷ, ಕರೆಂಟು ಬಂದ ವರ್ಷ, ಸಿಕ್ಕಿದ ಚಿನ್ನದ ತೂಕ, ಇವೆಲ್ಲ ಪುಸ್ತಕಗಳಲ್ಲಿ ಇವೆ. ಮುಚ್ಚಿದ ದಿನದ ಬಗ್ಗೆ ಒಂದು ಸಾಲು ಇದ್ದರೆ ಹೆಚ್ಚು. ಒಂದು ಉದ್ಯಮ ಊರಿಗೆ ಏನು ಕೊಟ್ಟಿತು, ಊರಿನಿಂದ ಏನು ತೆಗೆದುಕೊಂಡಿತು ಅನ್ನುವ ಲೆಕ್ಕ ಪೂರ್ತಿಯಾಗಿ ಕಣ್ಣಿಗೆ ಬೀಳುವುದು ಅದು ಎದ್ದು ಹೋದ ಮೇಲೆಯೇ. ನಮ್ಮ ಜಿಲ್ಲೆಗೆ ಈಗ ಕಾರ್ಖಾನೆಗಳು ಸಾಲುಸಾಲಾಗಿ ಬರುತ್ತಿವೆ. ಹಾಗಾಗಿ ಬೀಗ ಹಾಕಿದ ದಿನದ ಲೆಕ್ಕವನ್ನು ಇವತ್ತು ತಮ್ಮ ಮುಂದೆ ಬಿಚ್ಚಿಡುತ್ತೇನೆ.

ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟದ್ದು 1880ರಲ್ಲಿ. ಆಮೇಲೆ ಗಣಿ ಸರ್ಕಾರದ ಕೈಗೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಅನ್ನುವ ಕಂಪನಿಯಾಯಿತು. ಈ ನೂರಾ ಇಪ್ಪತ್ತು ವರ್ಷದಲ್ಲಿ ತೆಗೆದ ಚಿನ್ನ 800 ಟನ್‌ಗೂ ಮೇಲೆ. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ 3 ಕಿಲೋಮೀಟರ್ ದಾಟಿ ಇಳಿಯಿತು. 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಹುಟ್ಟಿದ್ದೇ ಈ ಗಣಿಗಾಗಿ. ಸುಮಾರು 147 ಕಿಲೋಮೀಟರ್ ಉದ್ದದ ತಂತಿ ಎಳೆದರು. ಪ್ರಪಂಚದಲ್ಲಿ ಅಷ್ಟು ದೂರ ಕರೆಂಟು ಸಾಗಿಸಿದ ಉದಾಹರಣೆ ಆಗ ಅಪರೂಪ. ಆ ತಂತಿ ಎಷ್ಟೋ ಹಳ್ಳಿಗಳ ನೆತ್ತಿಯ ಮೇಲೆ ಹಾದು ಬಂತು. ಆ ಹಳ್ಳಿಗಳ ಮನೆಗಳಲ್ಲಿ ಮಾತ್ರ ಇನ್ನೂ ಹಲವು ದಶಕ ಬುಡ್ಡಿದೀಪವೇ ಉರಿಯಿತು. ನೀರಿನ ಕಥೆಯೂ ಹೀಗೆಯೇ. ಬೇತಮಂಗಲದಲ್ಲಿ ಪಾಲಾರ್ ನೀರನ್ನು ಹಿಡಿದು, ಶುದ್ಧಮಾಡಿ, ಗಣಿಯ ಊರಿಗೆ ಕೊಟ್ಟರು. ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ನಮ್ಮದು. ಇಲ್ಲಿ ನೀರು ಯಾರಿಗೆ ಮೊದಲು ಅನ್ನುವ ಪ್ರಶ್ನೆಗೆ ಉತ್ತರ ಅವತ್ತೇ ತೀರ್ಮಾನವಾಗಿತ್ತು.

ಈಗ ಆ ಚಿನ್ನ ಹೇಗೆ ತಯಾರಾಗುತ್ತಿತ್ತು ಅಂತ ಸ್ವಲ್ಪ ನೋಡೋಣ. ಮಿಕ್ಕಿದ್ದೆಲ್ಲ ಅದರಲ್ಲೇ ಅಡಗಿದೆ. ಕೆಳಗಿಂದ ತಂದ ಕಲ್ಲನ್ನು ಗಿರಣಿಯಲ್ಲಿ ಗುದ್ದಿ, ಅರೆದು, ರಾಗಿ ಹಿಟ್ಟಿನಷ್ಟು ನುಣ್ಣಗೆ ಮಾಡುತ್ತಿದ್ದರು. ಆ ಹುಡಿಯನ್ನು ಸೋಡಿಯಂ ಸೈನೈಡ್ ಕಲಸಿದ ನೀರಿನಲ್ಲಿ ಬಿಟ್ಟರೆ ಚಿನ್ನ ಕರಗಿ ನೀರಿಗೆ ಸೇರುತ್ತದೆ. ಆ ನೀರಿನಿಂದ ಸತುವಿನ ಸಹಾಯದಿಂದ ಚಿನ್ನವನ್ನು ಬೇರ್ಪಡಿಸಿಕೊಳ್ಳುತ್ತಾರೆ. ಉಳಿದ ಹುಡಿ? ಅದನ್ನು ಕೆಸರಾಗಿಯೇ ಸಾಗಿಸಿ ಊರ ಪಕ್ಕದಲ್ಲಿ ಸುರಿದರು. ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಅಂದರೆ ಒಂದು ಟನ್ನಿಗೆ ಒಂದು ಟನ್ ಹುಡಿ ಹಾಗೇ ಹೊರಗೆ ಬಿತ್ತು. ಹೀಗೆ ಬಿದ್ದದ್ದು ಸುಮಾರು 3.3 ಕೋಟಿ ಟನ್. 13 ದಿಬ್ಬ, ಸಾವಿರ ಎಕರೆ. ಜನ ಅದಕ್ಕೆ ಸೈನೈಡ್ ದಿಬ್ಬ ಅಂತಲೇ ಹೆಸರಿಟ್ಟರು. ಕೋಲಾರ ಚಿನ್ನದ ಗಣಿಯ ಊರಿಗೆ ಹೋದವರಿಗೆ ಮೊದಲು ಕಾಣುವುದು ಅದೇ. ಸಿನಿಮಾದವರು ಬಂದು ಅಲ್ಲಿ ಹಾಡು, ಹೊಡೆದಾಟ ಚಿತ್ರೀಕರಿಸಿಕೊಂಡು ಹೋಗುತ್ತಾರೆ.

ಗಾಳಿ ಕಾಲದಲ್ಲಿ ಆ ದಿಬ್ಬದ ಪಕ್ಕದ ಬಡಾವಣೆಗಳಿಗೆ ಹೋಗಿ ನೋಡಬೇಕು. ಕಿಟಕಿಯ ಸಂದು, ನೀರಿನ ಕೊಡದ ಬಾಯಿ, ಹಗ್ಗದ ಮೇಲಿನ ಬಟ್ಟೆ, ಎಲ್ಲದರ ಮೇಲೂ ಬೂದುಬಣ್ಣದ ನುಣುಪು ಹುಡಿ. ಹೆಂಗಸರು ದಿನಕ್ಕೆ ಎರಡು ಮೂರು ಸಲ ಕಸ ಗುಡಿಸಿದರೂ ಮತ್ತೆ ಬಂದು ಕೂರುತ್ತದೆ. ಸೈನೈಡು ಬಿಸಿಲಿಗೆ ಕಾಲಕ್ರಮದಲ್ಲಿ ಒಡೆದು ಹೋಗುತ್ತದೆ ನಿಜ. ಆದರೆ ಕಲ್ಲಿನ ಹುಡಿ ಎಲ್ಲಿಗೂ ಹೋಗುವುದಿಲ್ಲ. ಅದರಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಶತ್ರು. ಗಣಿಯೊಳಗೆ ದುಡಿದವರಿಗೆ ಅದರ ಪರಿಚಯ ಚೆನ್ನಾಗಿ ಇತ್ತು. 1940ರ ದಶಕದ ವೈದ್ಯಕೀಯ ತಪಾಸಣೆಯಲ್ಲಿ, ಪರೀಕ್ಷೆ ಮಾಡಿಸಿಕೊಂಡ ಗಣಿ ಕಾರ್ಮಿಕರ ಪೈಕಿ ಶೇಕಡ 40ಕ್ಕೂ ಹೆಚ್ಚು ಜನಕ್ಕೆ ಸಿಲಿಕೋಸಿಸ್ ಇದ್ದದ್ದು ಗೊತ್ತಾಯಿತು. ಅವರಲ್ಲಿ ಬಹಳ ಮಂದಿ ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತ ಕುಟುಂಬಗಳವರು. ಸಾಲು ಮನೆಗಳಲ್ಲಿ, ಒಂದೇ ಕೋಣೆಯಲ್ಲಿ ಸಂಸಾರ ಮಾಡಿದವರು. ಒಂದು ಕಾಲಕ್ಕೆ 30,000ಕ್ಕೂ ಮೀರಿ ಜನ ಅಲ್ಲಿ ದುಡಿದರು. ಮುಚ್ಚಿದ ಮೇಲೆ ಅವರ ಮಕ್ಕಳು ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದರು. ಕತ್ತಲಲ್ಲೇ ಎದ್ದು ಬೆಂಗಳೂರಿಗೆ ಹೋಗಿ, ರಾತ್ರಿ ವಾಪಸು ಬರುವ ಆ ಬದುಕು ಇವತ್ತಿಗೂ ನಿಂತಿಲ್ಲ. 1964ರಲ್ಲಿ ಶುರುವಾದ ಬೆಮೆಲ್ ಕಂಪನಿಯ ಕಾರ್ಖಾನೆ ಒಂದು ಅಲ್ಲಿ ಇಲ್ಲದಿದ್ದರೆ ಆ ಊರಿನ ಗತಿ ಏನಾಗುತ್ತಿತ್ತೋ.

ಇಲ್ಲಿ ಒಂದು ಮಾತು ತಾವು ಗಮನಿಸಬೇಕು. ನಮ್ಮ ದೇಶದಲ್ಲಿ ಗಣಿಗೆ ಪರವಾನಗಿ ಕೊಡುವಾಗಲೇ ಅದನ್ನು ಮುಚ್ಚುವ ಯೋಜನೆಯನ್ನೂ ಬರೆದುಕೊಡಬೇಕು ಅನ್ನುವ ನಿಯಮ ಬಂದದ್ದು 2003ರ ಏಪ್ರಿಲ್‌ನಲ್ಲಿ. ಅಗೆದ ಗುಂಡಿ ಏನಾಗಬೇಕು, ಸುರಿದ ಮಣ್ಣು ಏನಾಗಬೇಕು, ಕಾರ್ಮಿಕರು ಎಲ್ಲಿಗೆ ಹೋಗಬೇಕು, ಇದಕ್ಕೆಲ್ಲ ಮೊದಲೇ ಉತ್ತರ ಕೊಟ್ಟು, ಹೆಕ್ಟೇರಿಗೆ ಇಷ್ಟು ಅಂತ ಹಣದ ಭದ್ರತೆಯನ್ನೂ ಇಡಬೇಕು. ನಮ್ಮ ಗಣಿ ಮುಚ್ಚಿದ್ದು ಈ ನಿಯಮ ಬರುವುದಕ್ಕೆ ಎರಡು ವರ್ಷ ಮೊದಲು. ಎರಡೇ ವರ್ಷ! ಹಾಗಾಗಿ ದಿಬ್ಬಕ್ಕೆ ವಾರಸುದಾರರೇ ಇಲ್ಲವಾದರು. 2024ರ ಜೂನ್‌ನಲ್ಲಿ ಈ 13 ದಿಬ್ಬಗಳಲ್ಲಿ ಉಳಿದಿರುವ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಹುಡಿಯಲ್ಲಿ ಚಿನ್ನ ಇದೆ ಅಂದಕೂಡಲೇ ಅದರ ನೆನಪು ಬಂತು. ಇಪ್ಪತ್ತಮೂರು ವರ್ಷ ಅದನ್ನು ಉಸಿರಾಡಿದವರ ನೆನಪು ಇಷ್ಟು ಬೇಗ ಬರಲಿಲ್ಲ.

ಗಣಿಗೆ ಈಗ ಆ ನಿಯಮ ಇದೆ. ಕಾರ್ಖಾನೆಗೆ? ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಕೆಲವಕ್ಕೆ ಪರಿಸರ ಅನುಮತಿಯೂ ಬೇಕು. ಇವೆಲ್ಲ ಓಡುವ ಕಾರ್ಖಾನೆಗೆ ಸಂಬಂಧಪಟ್ಟ ಮಾತು. ನಿಂತುಹೋಗುವ ಕಾರ್ಖಾನೆ ನೆಲವನ್ನು ಯಾವ ಸ್ಥಿತಿಯಲ್ಲಿ ಬಿಟ್ಟು ಹೋಗಬೇಕು, ಅದಕ್ಕೆ ದುಡ್ಡು ಎಲ್ಲಿದೆ ಅಂತ ಬಾಗಿಲು ತೆರೆಯುವ ದಿನವೇ ಕೇಳುವ ಪದ್ಧತಿ ನಮ್ಮಲ್ಲಿ ಬೇರು ಬಿಟ್ಟಿಲ್ಲ. ಭೋಪಾಲದ ದುರಂತ ನಡೆದದ್ದು 1984ರಲ್ಲಿ. ಆ ಕಾರ್ಖಾನೆಯ ಆವರಣದಲ್ಲಿ ಉಳಿದಿದ್ದ ಸುಮಾರು 337 ಟನ್ ವಿಷದ ಕಸವನ್ನು ಪೀತಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷದ ಮೇಲೆ. ಕೊಡೈಕನಾಲಿನ ಥರ್ಮಾಮೀಟರ್ ಕಾರ್ಖಾನೆ ಮುಚ್ಚಿದ್ದು ನಮ್ಮ ಗಣಿ ಮುಚ್ಚಿದ 2001ರಲ್ಲೇ. ಪಾದರಸ ಕುಡಿದ ಅಲ್ಲಿನ ಮಣ್ಣಿನ ವ್ಯಾಜ್ಯ ಎಷ್ಟೋ ವರ್ಷ ಎಳೆಯಿತು. ಕಲುಷಿತ ಜಾಗಗಳನ್ನು ಗುರುತಿಸಿ ಶುದ್ಧಮಾಡಿಸುವ ಕೇಂದ್ರದ ನಿಯಮಗಳು 2025ರ ಜುಲೈನಲ್ಲಿ ಬಂದಿವೆ. ಒಳ್ಳೆಯ ಹೆಜ್ಜೆ. ಆದರೆ ಅದು ಕೆಟ್ಟ ಮೇಲೆ ಕೇಳುವ ಲೆಕ್ಕ.

ಇನ್ನು ಮಾಲೂರಿಗೆ ಬರೋಣ. ಬೆಂಗಳೂರಿನ ಎಷ್ಟೋ ಹಳೆಯ ಮನೆಗಳು ನಿಂತಿರುವುದು ಮಾಲೂರಿನ ಇಟ್ಟಿಗೆಯ ಮೇಲೆ, ಅವುಗಳ ಸೂರಿಗೆ ಹೊದಿಸಿರುವುದು ಮಾಲೂರಿನ ಹೆಂಚು. ಕೆರೆಯ ಗೋಡು, ಜೇಡಿಮಣ್ಣು, ನೀಲಗಿರಿ ಸೌದೆ, ಹತ್ತಿರದಲ್ಲೇ ರೈಲು, ಇಷ್ಟೂ ಒಂದೇ ಕಡೆ ಸಿಕ್ಕಿದ್ದರಿಂದ ಆ ಕಸುಬು ಅಲ್ಲಿ ಬೆಳೆಯಿತು. ಇಟ್ಟಿಗೆ ಫ್ಯಾಕ್ಟರಿಯ ಒಳಗೆ ಒಂದು ಗಳಿಗೆ ನಿಂತು ನೋಡಿದರೆ ಕೆಲಸದ ತೂಕ ಗೊತ್ತಾಗುತ್ತದೆ. ಟ್ರ್ಯಾಕ್ಟರಿನಲ್ಲಿ ಬಂದ ಮಣ್ಣನ್ನು ರಾಶಿ ಹಾಕಿ ನೀರು ಬಿಟ್ಟು ನೆನೆಹಾಕುತ್ತಾರೆ. ನೆನೆದ ಮಣ್ಣು ಯಂತ್ರದೊಳಗೆ ಕಲಸಿಕೊಂಡು, ಉದ್ದನೆಯ ಪಟ್ಟಿಯಾಗಿ ಹೊರಗೆ ಜಾರುತ್ತದೆ. ಬಿಗಿದ ತಂತಿಗಳ ಚೌಕಟ್ಟು ಅದರ ಮೇಲೆ ಇಳಿದಾಗ ಒಂದೇ ಏಟಿಗೆ ಹಸಿ ಇಟ್ಟಿಗೆಗಳು ಬಿಡಿಬಿಡಿಯಾಗುತ್ತವೆ. ಅದಕ್ಕೇ ಅದು ವೈರ್‌ಕಟ್ ಇಟ್ಟಿಗೆ. ಹಸಿಯದನ್ನು ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಗೂಡಿನೊಳಗೆ ಜೋಡಿಸಿ, 900 ಡಿಗ್ರಿ ಆಸುಪಾಸಿನ ಬೆಂಕಿ ಕೊಡುತ್ತಾರೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಆ ಉರಿಯಲ್ಲಿ ಕೆಂಪಾಗುತ್ತದೆ. ಬೆಂದ ಇಟ್ಟಿಗೆ ಒಂದೊಂದೂ ಹತ್ತಿರ ಹತ್ತಿರ ಮೂರು ಕಿಲೋ. ತಲೆಯ ಮೇಲೆ ಸಿಂಬಿ ಇಟ್ಟು ಹತ್ತು ಇಟ್ಟಿಗೆ ಪೇರಿಸಿಕೊಂಡು ಹೋಗುವ ಹೆಂಗಸು ಒಂದು ಸಲಕ್ಕೆ 30 ಕಿಲೋ ಹೊರುತ್ತಾಳೆ. ಗೂಡಿನ ಬಾಯಿ ತೆರೆದಾಗ ಒಳಗಿನ ಬಿಸಿ ಇನ್ನೂ ಆರಿರುವುದಿಲ್ಲ. ಅಂಗೈಗೆ ಹಳೆಯ ಟ್ಯೂಬಿನ ತುಂಡು ಕಟ್ಟಿಕೊಂಡು ಇಳಿಸುತ್ತಾರೆ.

ಈ ಕೆಲಸಕ್ಕೆ ಬರುವವರು ಬಹುತೇಕ ಹೊರಗಿನವರು. ಒಡಿಶಾ, ಬಿಹಾರ, ತಮಿಳುನಾಡು. ಮುಂಗಡ ಪಡೆದು ಬಂದವರು ಮುಂಗಡ ತೀರುವ ತನಕ ಗೂಡಿನ ಪಕ್ಕದ ಗುಡಿಸಲಲ್ಲೇ ಇರಬೇಕು. ಅವರ ಮಕ್ಕಳು ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಒಂದು ವರ್ಷ ಪೂರ್ತಿ ಇರುವುದಿಲ್ಲ. ಕನ್ನಡ ಒಂದಿಷ್ಟು ಬರುವ ಹೊತ್ತಿಗೆ ಊರು ಬದಲಾಗಿರುತ್ತದೆ.

ಮಣ್ಣಿನ ಮಾತನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಕೆರೆಯ ಹೂಳು ತೆಗೆಯುವುದು ತಪ್ಪಲ್ಲ, ಅದು ನಮ್ಮ ಹಿರಿಯರ ಪದ್ಧತಿ. ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಹೋಗಿ ಗೋಡು ತುಂಬಿ ಹೊಲಕ್ಕೆ ಹಾಕುತ್ತಿದ್ದರು. ಕೆರೆಗೂ ಆಳ, ಹೊಲಕ್ಕೂ ಸಾರ. ಗೂಡಿಗೆ ಬೇಕಾಗುವ ಮಣ್ಣು ಬೇರೆ. ಮೇಲಿನ ಹೂಳು ಮುಗಿದ ಮೇಲೆ, ಕೆರೆಯ ತಳದಲ್ಲಿ ನೀರು ಇಂಗದಂತೆ ಹಿಡಿದಿಡುವ ಜಿಗುಟು ಜೇಡಿಯೇ ಅದಕ್ಕೆ ಬೇಕು. ಅದನ್ನು ಜೆಸಿಬಿ ಇಳಿಸಿ ಒಂದೊಂದು ಕಡೆ ಎರಡಾಳು ಗುಂಡಿ ಮಾಡಿ ತೆಗೆದರೆ, ಕೆರೆ ಕೆರೆಯಾಗಿ ಉಳಿಯುವುದಿಲ್ಲ. ಮಾಲೂರು ಕಡೆಯ ಒಬ್ಬ ಹಿರಿಯರು ಅಂಥ ಕೆರೆಯ ಏರಿಯ ಮೇಲೆ ನಿಂತು ನನಗೆ ಹೇಳಿದ್ದರು: "ಕೆರೆ ಹೊಟ್ಟೆ ಬಗ್ದುಬಿಟ್ರು ಸಾಮಿ, ಇನ್ನ ನೀರು ಎಲ್ಲಿ ನಿಂತ್ಕಂತೈತೆ?" ಕೆರೆಯಲ್ಲಿ ಮಣ್ಣು ಸಿಗುವುದು ಕಷ್ಟವಾದ ಮೇಲೆ ರೈತರ ಹೊಲದ ಮೇಲ್ಮಣ್ಣಿಗೆ ಬೆಲೆ ಬಂತು. ಮಳೆ ಇಲ್ಲ, ಕೊಳವೆಬಾವಿ ಬತ್ತಿದೆ, ಮಗಳ ಮದುವೆ ಬಂದಿದೆ. ಮೂರು ಅಡಿ ಮಣ್ಣು ಮಾರಿದ ರೈತನನ್ನು ನಾನು ದೂರುವುದಿಲ್ಲ. ಆದರೆ ಆ ಮೂರು ಅಡಿ ತಯಾರಾಗುವುದಕ್ಕೆ ಸಾವಿರಾರು ವರ್ಷ ಹಿಡಿದಿದೆ. ಒಂದು ಸಾವಿರ ಇಟ್ಟಿಗೆಗೆ ಮೂರು ಟನ್ ಲೆಕ್ಕದಲ್ಲಿ ಹಾಕಿ ನೋಡಿ, ಹತ್ತು ಸಾವಿರ ಇಟ್ಟಿಗೆಯ ಸಣ್ಣ ಮನೆ ಒಂದು ನಿಲ್ಲಬೇಕಾದರೆ 30 ಟನ್ ಮಣ್ಣು ಎಲ್ಲಿಂದಲೋ ಬರಲೇಬೇಕು. ಈಗ ಸಿಮೆಂಟ್ ಬ್ಲಾಕು ಬಂದಿದೆ, ತಾರಸಿ ಬಂದು ಹೆಂಚನ್ನು ಮೂಲೆಗೆ ತಳ್ಳಿದೆ. ಹೆಂಚಿನ ಫ್ಯಾಕ್ಟರಿಗಳು ಹಲವು ಮುಚ್ಚಿಹೋಗಿವೆ. ಚಿಮಣಿ ನಿಂತಿದೆ, ಗುಂಡಿ ಉಳಿದಿದೆ. ಅದನ್ನು ಮುಚ್ಚುವ ಹೊಣೆ ಯಾರದು ಅಂತ ಕೇಳಿದರೆ, ಯಾರೂ ಬಾಯಿ ಬಿಡುವುದಿಲ್ಲ.

ಗೂಡಿಗೆ ಸೌದೆ ಎಲ್ಲಿಂದ ಬಂತು ಅನ್ನುವುದು ಇನ್ನೊಂದು ದೊಡ್ಡ ಅಧ್ಯಾಯ. ನೀಲಗಿರಿ ಮರ ನಮಗೆ ಹೊಸದೇನಲ್ಲ. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟದಲ್ಲಿ ನೆಟ್ಟ ಗಿಡಗಳಿಂದಲೇ 'ಮೈಸೂರ್ ಗಮ್' ಅನ್ನುವ ತಳಿ ದೇಶಕ್ಕೆಲ್ಲ ಹರಡಿತು ಅನ್ನುತ್ತಾರೆ. ಆದರೆ ಅದು ಬೆಟ್ಟದಿಂದ ಇಳಿದು ನಮ್ಮ ರಾಗಿ ಹೊಲಕ್ಕೆ ಬಂದದ್ದು ಸಾಮಾಜಿಕ ಅರಣ್ಯದ ಹೆಸರಿನಲ್ಲಿ, 1970, 80ರ ದಶಕಗಳಲ್ಲಿ. ಹಳ್ಳಿಯವರಿಗೆ ಸೌದೆ, ಮೇವು ಸಿಗಲಿ ಅಂತ ಶುರುವಾದ ಯೋಜನೆ ಅದು. ಲಾಭವಾದದ್ದು ತುಂಗಭದ್ರಾ ದಡದ ಹರಿಹರ ಪಾಲಿಫೈಬರ್ಸ್‌ನಂಥ ತಿರುಳಿನ ಕಾರ್ಖಾನೆಗಳಿಗೆ. ಹರಿಹರಕ್ಕೂ ನಮಗೂ ಎಷ್ಟು ದೂರ! ಅಲ್ಲಿ ರೇಯಾನ್ ನೂಲಿಗೆ ಬೇಕಾದ ತಿರುಳು ತಯಾರಾಗಬೇಕು ಅಂತ ಇಲ್ಲಿ ರಾಗಿಯ ಜಾಗದಲ್ಲಿ ನೀಲಗಿರಿ ಎದ್ದಿತು. 1981ರಲ್ಲೇ ವಂದನಾ ಶಿವ ಮತ್ತು ಸಂಗಡಿಗರು ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಗಾಗಿ (ಐಐಎಂ) ಕೋಲಾರದ ಈ ಸಾಮಾಜಿಕ ಅರಣ್ಯದ ಬಗ್ಗೆ ಅಧ್ಯಯನ ಮಾಡಿ ಎಚ್ಚರಿಸಿದ್ದರು. ಊಟದ ಧಾನ್ಯ ಕಡಿಮೆಯಾಗುತ್ತದೆ, ಕೂಲಿ ಕಡಿಮೆಯಾಗುತ್ತದೆ, ಬಡವರಿಗೆ ಸೌದೆಯೂ ಸಿಗುವುದಿಲ್ಲ ಅಂತ. ರಾಗಿ ಬಿತ್ತಿದರೆ ಕಳೆ ಕೀಳುವುದಕ್ಕೆ, ಕೊಯ್ಯುವುದಕ್ಕೆ, ಒಕ್ಕುವುದಕ್ಕೆ ಆಳು ಬೇಕು. ನೀಲಗಿರಿಗೆ ನೆಟ್ಟ ದಿನ ಒಂದು ಕೆಲಸ, ಕಡಿಯುವ ದಿನ ಇನ್ನೊಂದು. ಅತ್ತ ಹರಿಹರದ ಕಡೆಯವರು ಕಾರ್ಖಾನೆಯ ಕೊಳೆಯ ವಿರುದ್ಧ, ಗೋಮಾಳಗಳನ್ನು ನೀಲಗಿರಿಗೆ ಕೊಡುವುದರ ವಿರುದ್ಧ ಎದ್ದು ನಿಂತರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ನಡೆದ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಅದೇ. ನೀಲಗಿರಿ ಕಿತ್ತು, ಜನಕ್ಕೆ ಬೇಕಾದ ಗಿಡ ನೆಟ್ಟರು. ನಮ್ಮ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಮೊದಲ ಎಚ್ಚರಿಕೆ ಬಂದು ಮೂವತ್ತಾರು ವರ್ಷವಾಗಿತ್ತು.

ಈಗ ಹೆದ್ದಾರಿಯ ಕಡೆ ಹೋಗೋಣ. ನರಸಾಪುರ, ವೇಮಗಲ್. ಇವೆರಡೂ ನಮ್ಮ ಹೋಳೂರಿನ ಹಾಗೆಯೇ ಕೋಲಾರ ತಾಲೂಕಿನ ಹೋಬಳಿಗಳು. ನಮ್ಮ ಹೋಳೂರು ಕಡೆ ಇನ್ನೂ ಟೊಮೆಟೊ, ಹಿಪ್ಪುನೇರಳೆ, ಮಾವು, ಹಾಲಿನ ಡೇರಿ ಇವೇ ಬದುಕು. ನರಸಾಪುರದಲ್ಲಿ 2013ರಿಂದ ಹೋಂಡಾ ಸ್ಕೂಟರು ತಯಾರಾಗುತ್ತಿದೆ. ಆಮೇಲೆ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆ ಬಂತು. 2023ರಲ್ಲಿ ಅದು ಟಾಟಾ ಎಲೆಕ್ಟ್ರಾನಿಕ್ಸ್ ಕೈಸೇರಿತು. ವೇಮಗಲ್‌ನಲ್ಲಿ ಟಾಟಾ, ಏರ್‌ಬಸ್ ಸೇರಿ ಹೆಲಿಕಾಪ್ಟರ್ ಜೋಡಿಸುತ್ತವೆ ಅಂತ 2025ರಲ್ಲಿ ಪ್ರಕಟವಾಯಿತು. ಇದರಿಂದ ಒಳ್ಳೆಯದಾಗಿಲ್ಲ ಅಂತ ಹೇಳಿದರೆ ಅದು ಅನ್ಯಾಯದ ಮಾತು. ಪಿಯುಸಿ, ಐಟಿಐ ಮುಗಿಸಿದ ಹೆಣ್ಣುಮಕ್ಕಳು ತಿಂಗಳ ಸಂಬಳ ಎಣಿಸಿಕೊಂಡು ಮನೆಗೆ ಬರುತ್ತಿದ್ದಾರೆ. ಹದಿನೆಂಟು ತುಂಬಿದ ಕೂಡಲೇ ಮದುವೆ ಅನ್ನುತ್ತಿದ್ದ ಮನೆಗಳಲ್ಲಿ, ಇನ್ನೆರಡು ವರ್ಷ ದುಡಿಯಲಿ ಬಿಡಿ ಅನ್ನುವ ಮಾತು ಕೇಳುತ್ತಿದೆ. ತಮ್ಮನ ಕಾಲೇಜಿನ ಫೀಸು ಅಕ್ಕ ಕಟ್ಟುತ್ತಿದ್ದಾಳೆ. ಇದು ಸಣ್ಣ ಬದಲಾವಣೆಯಲ್ಲ.

ಆದರೆ 2020ರ ಡಿಸೆಂಬರ್ 12ನ್ನು ನಾವು ಮರೆಯಬಾರದು. ಆ ಶನಿವಾರ ಬೆಳಗ್ಗೆ ರಾತ್ರಿಪಾಳಿ ಮುಗಿಸಿದ ಕಾರ್ಮಿಕರು ನರಸಾಪುರದ ಫೋನ್ ಕಾರ್ಖಾನೆಯಲ್ಲಿ ಗಾಜು ಒಡೆದರು, ವಾಹನಗಳಿಗೆ ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಹುಡುಗರನ್ನು ಪೊಲೀಸರು ಹಿಡಿದರು. ಅದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾಕೆ ಆಯಿತು? 21,000 ರೂಪಾಯಿ ಅಂತ ಹೇಳಿ ಸೇರಿಸಿಕೊಂಡ ಇಂಜಿನಿಯರಿಂಗ್ ಹುಡುಗರಿಗೆ 16,000, ಆಮೇಲೆ 12,000 ಕೊಟ್ಟರು ಅಂತ ಕಾರ್ಮಿಕರು ದೂರಿದ್ದು ಆಗಿನ ಪತ್ರಿಕೆಗಳಲ್ಲಿ ಬಂದಿದೆ. ಕಾರ್ಖಾನೆಗಳ ಇಲಾಖೆ ತನಿಖೆ ಮಾಡಿದಾಗ, 5,000 ಇದ್ದ ಕೆಲಸಗಾರರ ಸಂಖ್ಯೆ ಕೆಲವೇ ತಿಂಗಳಲ್ಲಿ 10,500ಕ್ಕೆ ಏರಿದ್ದು, ಅಷ್ಟು ಜನರ ಹಾಜರಿ, ಸಂಬಳ ನೋಡಿಕೊಳ್ಳುವ ವ್ಯವಸ್ಥೆ ಇಲ್ಲದ್ದು ಬೆಳಕಿಗೆ ಬಂತು. ಹೆಚ್ಚಿನವರು ಗುತ್ತಿಗೆಯವರು. ಅವರ ಸಂಬಳದ ಪ್ರಶ್ನೆಗೆ ಕಂಪನಿ ಏಜೆನ್ಸಿಯನ್ನು ತೋರಿಸುತ್ತದೆ, ಏಜೆನ್ಸಿ ಕಂಪನಿಯನ್ನು ತೋರಿಸುತ್ತದೆ. ಕೊನೆಗೆ ಫೋನಿನ ಕಂಪನಿ ಆಪಲ್ಲೇ ವಿಸ್ಟ್ರಾನನ್ನು ಎಚ್ಚರಿಕೆಯ ಪಟ್ಟಿಗೆ ಹಾಕಿತು, ವಿಸ್ಟ್ರಾನ್ ಕ್ಷಮೆ ಕೇಳಿತು. ಲಕ್ಷ ರೂಪಾಯಿಯ ಫೋನು ಕೈಯಲ್ಲಿ ಜೋಡಿಸುವ ಹುಡುಗನಿಗೆ ತನ್ನ ಹಾಜರಿ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ, ಅದನ್ನು ಅಭಿವೃದ್ಧಿ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆ ದುಡಿಸುವುದಕ್ಕೂ, ಹೆಂಗಸರ ರಾತ್ರಿಪಾಳಿಗೂ ದಾರಿ ಮಾಡಿತು. ನರಸಾಪುರದಲ್ಲಿ ನಡೆದದ್ದು ಕಣ್ಣೆದುರಿಗೇ ಇದ್ದಾಗ ಹೀಗೆ ಮಾಡಿದ್ದು ಸರಿಯಲ್ಲ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಭೂಮಿ ಕೊಟ್ಟವರ ಕಥೆ ಬೇರೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ನೋಟೀಸು ಬಂತು ಅಂದರೆ ಊರಿಗೆ ಊರೇ ಲೆಕ್ಕಕ್ಕೆ ಕೂರುತ್ತದೆ. ಪರಿಹಾರದ ಹಣದಲ್ಲಿ ಕೆಲವರು ಬಾಡಿಗೆ ರೂಮು ಕಟ್ಟಿ ನೆಮ್ಮದಿಯಾಗಿದ್ದಾರೆ. ಕೆಲವರ ಹಣ ಕಾರು, ಮದುವೆ, ಆಸ್ಪತ್ರೆ ಅಂತ ನಾಲ್ಕು ವರ್ಷದಲ್ಲಿ ಕರಗಿತು. ಪಾಲಿನ ವ್ಯಾಜ್ಯದಿಂದ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳೂ ಇವೆ. ಪಹಣಿಯಲ್ಲಿ ಹೆಸರಿಲ್ಲದೆ ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ವಾರಕ್ಕೆ ಮಾಡಿದವರಿಗೆ, ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪರಿಹಾರ ಇಲ್ಲ. ಅವರ ಬದುಕು ಯಾವ ದಾಖಲೆಯಲ್ಲೂ ಇರಲಿಲ್ಲ.

ನೀರಿನ ಮಾತು ಎತ್ತದೆ ಕೋಲಾರದಲ್ಲಿ ಯಾವ ಭಾಷಣವೂ ಮುಗಿಯುವುದಿಲ್ಲ. 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ದಿನಕ್ಕೆ 44 ಕೋಟಿ ಲೀಟರು ಅನ್ನುವುದು ಯೋಜನೆಯ ಗುರಿ. ಮೊದಲು ಲಕ್ಷ್ಮೀಸಾಗರ ಕೆರೆ, ಅಲ್ಲಿಂದ ನರಸಾಪುರ, ಹೀಗೆ ಒಂದರಿಂದ ಒಂದಕ್ಕೆ. ಶುರುವಾದ ಎರಡು ತಿಂಗಳೊಳಗೇ ನೊರೆ ಕಾಣಿಸಿ ಹೈಕೋರ್ಟು ತಡೆ ಕೊಟ್ಟಿತು. ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ, ನೀರು ಮುಂದುವರಿಯಿತು. ಅಂತರ್ಜಲ ಏರಿದ್ದು ನಿಜ. ಸತ್ತ ಕೊಳವೆಬಾವಿಗಳಲ್ಲಿ ನೀರು ಕಂಡ ರೈತನ ಸಂತೋಷ ನಿಜ. ನಗರದ ಕಾರ್ಖಾನೆಗಳ ಲೋಹ, ರಾಸಾಯನಿಕ ಆ ನೀರಿನ ಜೊತೆ ನಮ್ಮ ನೆಲಕ್ಕೆ ಇಳಿಯುತ್ತಿದೆಯೋ ಅನ್ನುವ ಭಯವೂ ನಿಜ. ಅದಕ್ಕೇ ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ವರ್ಷಗಳಿಂದ ಕೇಳುತ್ತಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದು. ಅದರ ಖರ್ಚು ಬೆಂಗಳೂರೇ ಕೊಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಕಾರ್ಖಾನೆಯೇ ಬೇಡವೇ ಅಂತ ತಾವು ಕೇಳಬಹುದು. ಬೇಕು. ಎಂಥದ್ದು ಅಂತ ಒಂದು ಉದಾಹರಣೆ ಕೊಡುತ್ತೇನೆ. ಮಾವಿಗೆ ಶ್ರೀನಿವಾಸಪುರ ದೇಶಕ್ಕೇ ಹೆಸರು. ಅಲ್ಲಿ ಬೆಳೆಯುವ ತೋತಾಪುರಿ ಬಹುಪಾಲು ರಸ ತೆಗೆಯುವುದಕ್ಕೆ ಹೋಗುತ್ತದೆ. ರಸದ ಕಾರ್ಖಾನೆಗಳು ಮಾತ್ರ ಗಡಿಯಾಚೆ ಚಿತ್ತೂರಿನಲ್ಲಿವೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರಗಿನ ತೋತಾಪುರಿ ಬೇಡ ಅಂತ ಆದೇಶ ಹೊರಡಿಸಿ ಗಡಿಯಲ್ಲಿ ಗಾಡಿಗಳನ್ನು ತಡೆಯಿತು. ನಮ್ಮ ರೈತರ ಕಾಯಿ ಮರದಲ್ಲೇ ಉಳಿಯಿತು, ಮಂಡಿಯಲ್ಲಿ ಕೊಳೆಯಿತು. ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು. ಕೊನೆಗೆ ಕ್ವಿಂಟಾಲಿಗೆ 1,616 ರೂಪಾಯಿ ಅಂತ ಬೆಲೆ ಕಟ್ಟಿ ನೆರವು ಘೋಷಿಸಿದರು. ಟೊಮೆಟೊದ್ದೂ ಇದೇ ಪಾಡು. ನಮ್ಮ ಕೋಲಾರದ ಎಪಿಎಂಸಿ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡವುಗಳಲ್ಲಿ ಒಂದು. ಬೆಲೆ ಬಿದ್ದ ದಿನ ಕ್ರೇಟುಗಟ್ಟಲೆ ಹಣ್ಣು ರಸ್ತೆ ಬದಿಗೆ ಬೀಳುತ್ತದೆ. ಕಿತ್ತ ಕೂಲಿ, ಗಾಡಿ ಬಾಡಿಗೆಯೂ ಹುಟ್ಟುವುದಿಲ್ಲ. ರೈತರ ಹಣ್ಣನ್ನೇ ಕಚ್ಚಾವಸ್ತು ಮಾಡಿಕೊಳ್ಳುವ ಕಾರ್ಖಾನೆ, ಅವರದ್ದೇ ಪಾಲಿರುವ ಕಾರ್ಖಾನೆ, ಹೋಬಳಿಗೊಂದು ಇದ್ದರೂ ತಪ್ಪಿಲ್ಲ. ಅದಕ್ಕೂ ನೀರು ಬೇಕು, ಸಿಪ್ಪೆ ಗೊರಟದ ರಾಶಿ ಅದಕ್ಕೂ ಇದೆ, ಅದರ ಲೆಕ್ಕವನ್ನೂ ಕೇಳಲೇಬೇಕು. ಆದರೆ ಆ ಕಾರ್ಖಾನೆ ಇಲ್ಲದಿರುವುದೇ ಇವತ್ತು ನಮ್ಮವರಿಗೆ ನಷ್ಟ. ಕೈಗಾರಿಕೆಯಿಲ್ಲದೆ ಬಡತನ ಹೋಗದು ಅಂತ ನಂಬಿದ್ದ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಅಖಂಡ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ಅವರ ನಂಬಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಯಾವ ಕೈಗಾರಿಕೆ, ಯಾರ ನೀರಿನಿಂದ, ಎಷ್ಟು ಕಾಲಕ್ಕೆ ಅನ್ನುವ ಪ್ರಶ್ನೆಯನ್ನು ಅದಕ್ಕೆ ಸೇರಿಸುತ್ತೇನೆ.

ಹಾಗಾಗಿ ನನ್ನ ಕೋರಿಕೆ ಹೋಳೂರು, ವೇಮಗಲ್, ನರಸಾಪುರ, ಮಾಲೂರು ಕಡೆಯ ಗ್ರಾಮ ಪಂಚಾಯಿತಿ ಸದಸ್ಯರಲ್ಲಿ, ಅದಕ್ಕಿಂತ ಹೆಚ್ಚಾಗಿ ಗ್ರಾಮಸಭೆಗೆ ಬರುವ ಹೆಣ್ಣುಮಕ್ಕಳಲ್ಲಿ. ನಿಮ್ಮೂರಿಗೆ ಕಾರ್ಖಾನೆ ಬರುತ್ತದೆ ಅಂದಾಗ ಎಷ್ಟು ಜನಕ್ಕೆ ಕೆಲಸ ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ. ಆ ಕೆಲಸ ಕಂಪನಿಯದೋ ಗುತ್ತಿಗೆಯದೋ ಕೇಳಿ. ನೀರು ಯಾವ ಕೊಳವೆಬಾವಿಯಿಂದ, ಕೊಳೆ ಯಾವ ಕಾಲುವೆಗೆ ಅಂತ ಕೇಳಿ. ಸಾರ್ವಜನಿಕ ವಿಚಾರಣೆ ಇದ್ದರೆ ಹೋಗಿ, ನಿಮ್ಮ ಮಾತನ್ನು ನಡಾವಳಿಯಲ್ಲಿ ಬರೆಸಿ, ಅದರ ನಕಲು ಇಟ್ಟುಕೊಳ್ಳಿ. ಮುಖ್ಯವಾಗಿ, ಮುಚ್ಚಿದ ದಿನ ಈ ನೆಲವನ್ನು ಯಾವ ಸ್ಥಿತಿಯಲ್ಲಿ ವಾಪಸು ಕೊಡುತ್ತೀರಿ, ಅದಕ್ಕೆ ಠೇವಣಿ ಎಷ್ಟು ಇಟ್ಟಿದ್ದೀರಿ ಅಂತ ಕೇಳಿ. ಸರ್ಕಾರದ ಮುಂದೆ ಇಡುವ ಬೇಡಿಕೆ ಒಂದೇ. 2017ರ ನಿಯಮದಲ್ಲಿ ಯಂತ್ರ ಬಳಸುವ ದೊಡ್ಡ ಗಣಿಗೆ ಹೆಕ್ಟೇರಿಗೆ 3 ಲಕ್ಷ ರೂಪಾಯಿ ಭದ್ರತೆ ಇಡಬೇಕು ಅಂತ ಗೊತ್ತುಮಾಡಿದ್ದರು. ಕೈಗಾರಿಕಾ ಪ್ರದೇಶದಲ್ಲಿ ಜಾಗ ಪಡೆಯುವ ಪ್ರತಿ ಕಾರ್ಖಾನೆಗೂ, ಇಟ್ಟಿಗೆ ಗೂಡಿಗೂ ಅಂಥದ್ದೇ ಭದ್ರತೆ ಕಡ್ಡಾಯ ಮಾಡಲಿ. ಆ ಹಣ ಜಿಲ್ಲೆಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇರಲಿ. ಬೀಗ ಬಿದ್ದ ಮೇಲೆ ಕೇಳಿದರೆ ಕೊಡುವವರು ಯಾರೂ ಊರಿನಲ್ಲಿ ಇರುವುದಿಲ್ಲ. ಬಾಗಿಲು ತೆರೆಯುವ ದಿನವೇ ಕೇಳಿ.